ಸ್ವಂತ ಆನ್‌ಲೈನ್ ಮಳಿಗೆ ತೆರೆಯುವ ಮುನ್ನ: ರೈತರು ಹಾಕಬೇಕಾದ ಲೆಕ್ಕ

2025ರ ಜೂನ್ ತಿಂಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಜಿಲ್ಲೆಗಳ ಮಾವು ಬೆಳೆಗಾರರು ತೋತಾಪುರಿ ಬೆಲೆಯ ಕುಸಿತದಿಂದ ಕಂಗೆಟ್ಟರು. ನಮ್ಮ ತೋತಾಪುರಿಯ ಬಹುಪಾಲು ಹೋಗುವುದು ತಿರುಳು ತೆಗೆಯುವ ಕಾರ್ಖಾನೆಗಳಿಗೆ. ಅದೇ ವೇಳೆಗೆ ನೆರೆಯ ಆಂಧ್ರಪ್ರದೇಶದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ತನ್ನ ಗಡಿಯೊಳಗೆ ಬರದಂತೆ ನಿರ್ಬಂಧ ವಿಧಿಸಿತು. ಕೊನೆಗೆ ಕೇಂದ್ರ ಸರ್ಕಾರವು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕ್ವಿಂಟಲಿಗೆ 1,616 ರೂ. ಬೆಲೆಯನ್ನು ಆಧಾರವಾಗಿಟ್ಟುಕೊಂಡು, 2.5 ಲಕ್ಷ ಟನ್‌ವರೆಗಿನ ಹಣ್ಣಿಗೆ ಬೆಲೆ ವ್ಯತ್ಯಾಸ ಪಾವತಿಸಲು ಒಪ್ಪಿಗೆ ನೀಡಿತು.

ಇನ್ನೊಂದು ಕಡೆ, ಕರ್ನಾಟಕ ರಾಜ್ಯ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ‘ಕರ್ಸಿರಿ’ ಎಂಬ ಜಾಲತಾಣದ ಮೂಲಕ, ಅಂಚೆ ಇಲಾಖೆಯ ನೆರವಿನಿಂದ, ಬೆಳೆಗಾರರ ಹಣ್ಣನ್ನು 3 ಕೆ.ಜಿ. ಪೆಟ್ಟಿಗೆಗಳಲ್ಲಿ ಬೆಂಗಳೂರಿನ ಮನೆಗಳಿಗೆ ತಲುಪಿಸುವ ವ್ಯವಸ್ಥೆಯನ್ನು ರೂಪಿಸಿದೆ. ಈ ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದ ರೈತರು ಕೇಳುವ ಪ್ರಶ್ನೆ ಸಹಜವಾದುದು: ‘ನಾವೇ ಒಂದು ಆನ್‌ಲೈನ್ ಮಳಿಗೆ ತೆರೆದು ನೇರವಾಗಿ ಮಾರಿದರೆ ಈ ಪಾಡು ತಪ್ಪುವುದಿಲ್ಲವೇ?’

ಕೆಲವು ಸರಕಿಗೆ, ಒಂದು ಪ್ರಮಾಣದವರೆಗೆ, ಖಂಡಿತ ತಪ್ಪುತ್ತದೆ. ಎಲ್ಲ ಸರಕಿಗೂ ಅಲ್ಲ. ಟನ್ನುಗಟ್ಟಲೆ ಬಂದು ಕಾರ್ಖಾನೆಗೆ ಹೋಗಬೇಕಾದ ತೋತಾಪುರಿಯನ್ನು ಮೂರು ಕೆ.ಜಿ. ಪೆಟ್ಟಿಗೆಗಳಲ್ಲಿ ಮಾರಿ ಮುಗಿಸಲಾಗದು. ಮನೆಮಂದಿ ಹಣ್ಣಾಗಿ ತಿನ್ನಲು ಬಯಸುವ ಬಾದಾಮಿ, ಮಲ್ಲಿಕಾ, ರಸಪುರಿಯನ್ನು ಮಾರಬಹುದು. ಆದುದರಿಂದ ಮಳಿಗೆಯ ಯೋಚನೆಯನ್ನು ಜಾಲತಾಣದಿಂದ ಆರಂಭಿಸದೆ ಸರಕಿನಿಂದ ಆರಂಭಿಸಬೇಕು. ಸರಕು, ವೆಚ್ಚ, ಕಾನೂನು, ಗ್ರಾಹಕ, ಎಲ್ಲಕ್ಕೂ ಕೊನೆಯಲ್ಲಿ ಜಾಲತಾಣ: ಈ ಲೇಖನದಲ್ಲಿ ಇದೇ ಅನುಕ್ರಮವನ್ನು ವಿವರಿಸಲಾಗಿದೆ.

ಮಧ್ಯವರ್ತಿಯ ಕೆಲಸ ನಿಮ್ಮದಾಗುತ್ತದೆ

ಭಾರತೀಯ ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಬಂಧಗಳ ಅಂದಾಜಿನಂತೆ, ಗ್ರಾಹಕರು ಕೊಡುವ ಪ್ರತಿ ರೂಪಾಯಿಯಲ್ಲಿ ಟೊಮೆಟೊ ಬೆಳೆದವರಿಗೆ ಸುಮಾರು 33 ಪೈಸೆ, ಈರುಳ್ಳಿ ಬೆಳೆದವರಿಗೆ 36 ಪೈಸೆ, ಆಲೂಗೆಡ್ಡೆ ಬೆಳೆದವರಿಗೆ 37 ಪೈಸೆ ದೊರೆಯುತ್ತದೆ. ಉಳಿದ ಮೂರನೇ ಎರಡು ಪಾಲು ಎಲ್ಲಿ ಹೋಯಿತೆಂಬ ಸಂಕಟ ನ್ಯಾಯವಾದುದೇ. ಆದರೆ ಆ ಪಾಲಿನಲ್ಲಿ ದಲ್ಲಾಳಿಯ ಲಾಭವೊಂದೇ ಇಲ್ಲ. ವಿಂಗಡಣೆ, ಚೀಲ, ಹಮಾಲಿ, ಸಾಗಣೆ, ದಾಸ್ತಾನು, ಕೊಳೆತು ಹೋಗುವ ಭಾಗ, ಸಾಲದ ಬಡ್ಡಿ, ಚಿಲ್ಲರೆ ಅಂಗಡಿಯ ಬಾಡಿಗೆ ಇವೆಲ್ಲವೂ ಸೇರಿವೆ. ಮಧ್ಯವರ್ತಿಯನ್ನು ಕೈಬಿಟ್ಟ ಮಾತ್ರಕ್ಕೆ ಈ ಕೆಲಸಗಳು ಇಲ್ಲವಾಗುವುದಿಲ್ಲ. ಅವು ನಿಮ್ಮ ಮನೆಯವರ ಹೆಗಲಿಗೆ ಬರುತ್ತವೆ. ಆ ಕೆಲಸಗಳನ್ನು ಈಗಿರುವವರಿಗಿಂತ ಕಡಿಮೆ ವೆಚ್ಚದಲ್ಲಿ ಅಥವಾ ಉತ್ತಮ ಗುಣಮಟ್ಟದಲ್ಲಿ ಮಾಡಬಲ್ಲಿರಾದರೆ ಮಾತ್ರ ಮಳಿಗೆ ಲಾಭ ತರುತ್ತದೆ.

ನೇರ ಮಾರಾಟ ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 1959ರಲ್ಲಿ ಆರಂಭವಾದ ಹಾಪ್‌ಕಾಮ್ಸ್, ಊರೂರಿನ ರೈತ ಸಂತೆಗಳು, ಕೃಷಿ ಮೇಳಗಳ ಮಳಿಗೆಗಳು ಇದೇ ಉದ್ದೇಶದವು. ಆನ್‌ಲೈನ್ ಮಳಿಗೆಯಲ್ಲಿ ಹೊಸದಾಗಿರುವುದು ಒಂದು ಸಂಗತಿ: ಗ್ರಾಹಕರು ಸರಕನ್ನು ಮುಟ್ಟಿ ನೋಡದೆ, ಮೂಸಿ ನೋಡದೆ, ಮೊದಲೇ ಹಣ ಕೊಡುತ್ತಾರೆ. ಆ ನಂಬಿಕೆಯನ್ನು ಒಮ್ಮೆ ಗಳಿಸಿ, ಪ್ರತಿ ಪೊಟ್ಟಣದಲ್ಲೂ ಉಳಿಸಿಕೊಳ್ಳುವುದೇ ಈ ವ್ಯಾಪಾರದ ತಿರುಳು.

ಯಾವ ಸರಕು ಮಳಿಗೆಗೆ ಒಪ್ಪುತ್ತದೆ?

ಮೂರು ಗುಣಗಳನ್ನು ಪರಿಶೀಲಿಸಿ. ಮೊದಲನೆಯದು, ತೂಕಕ್ಕೆ ತಕ್ಕ ಬೆಲೆ. ಕೆ.ಜಿ.ಗೆ 30 ರೂ. ಬೆಲೆಯ ಸರಕಿಗೆ 60 ರೂ. ಕೊರಿಯರ್ ವೆಚ್ಚ ಹೊರಿಸಲಾಗದು. ಕಾಳುಮೆಣಸು, ಏಲಕ್ಕಿ, ಜೇನು, ಕಾಫಿ ಪುಡಿ, ಅರಿಶಿನ ಪುಡಿ, ಒಣಮೆಣಸಿನಕಾಯಿ ಇಂತಹವು ಹೊರೆಯನ್ನು ತಾಳುತ್ತವೆ. ಎರಡನೆಯದು, ಬಾಳಿಕೆ. ಮೂರನೆಯದು, ಗುರುತು: ಪೇಟೆಯ ಅಂಗಡಿಯಲ್ಲಿ ಸಿಗುವುದಕ್ಕಿಂತ ನಿಮ್ಮ ಸರಕು ಹೇಗೆ ಭಿನ್ನ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಲು ಸಾಧ್ಯವಿರಬೇಕು.

ಬಾಳಿಕೆಯ ವಿಷಯದಲ್ಲಿ ಬೇಸಾಯಶಾಸ್ತ್ರದ ಕೆಲವು ಮಾತುಗಳು ನೇರವಾಗಿ ಹಣಕ್ಕೆ ಸಂಬಂಧಿಸಿವೆ. ನವಣೆ, ಸಾಮೆ, ಕೊರಲೆ ಮುಂತಾದ ಸಿರಿಧಾನ್ಯಗಳು ಹೊಟ್ಟಿನ ಸಮೇತ ಚೆನ್ನಾಗಿ ಒಣಗಿದ್ದರೆ ದೀರ್ಘಕಾಲ ಕೆಡುವುದಿಲ್ಲ. ಹೊಟ್ಟು ತೆಗೆದು ಅಕ್ಕಿ ಮಾಡಿದೊಡನೆ ತೌಡಿನ ಪದರದಲ್ಲಿರುವ ಕೊಬ್ಬಿನಂಶ ಗಾಳಿಗೆ ಒಡ್ಡಿಕೊಂಡು ಕಮಟು ವಾಸನೆಯ ಅಪಾಯ ಶುರುವಾಗುತ್ತದೆ. ಸಜ್ಜೆ ಹಿಟ್ಟು ಇನ್ನೂ ಬೇಗ ಕಹಿಯಾಗುತ್ತದೆ. ಆದುದರಿಂದ ವರ್ಷದ ಬೆಳೆಯನ್ನು ಒಮ್ಮೆಲೇ ಅಕ್ಕಿ ಮಾಡಿಸಿ ಇಡಬಾರದು. ಧಾನ್ಯವಾಗಿಯೇ ದಾಸ್ತಾನು ಮಾಡಿ, ಬೇಡಿಕೆಗೆ ತಕ್ಕಂತೆ ತಿಂಗಳಿಗೊಮ್ಮೆ ಹೊಟ್ಟು ತೆಗೆಸುವುದು ಸೂಕ್ತ. ದಾಸ್ತಾನಿಗೆ ಹೋಗುವ ಧಾನ್ಯದ ತೇವಾಂಶ ಶೇ. 12ನ್ನು ಮೀರಬಾರದು. ಒಣಮೆಣಸಿನಕಾಯಿಯಲ್ಲಿ ತೇವ ಹೆಚ್ಚಾಗಿ ಉಳಿದರೆ ಬೂಷ್ಟು ಹಿಡಿದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುವ ಸಂಭವವಿರುವುದರಿಂದ ರಸ್ತೆಯ ಮೇಲೆ ಅಥವಾ ಬರಿಯ ನೆಲದ ಮೇಲೆ ಒಣಗಿಸುವುದನ್ನು ಬಿಟ್ಟು ತಾಡಪಾಲು ಅಥವಾ ಸೌರ ಒಣಕಗಳನ್ನು ಬಳಸಿರಿ. ಬೆಲ್ಲ ಮಳೆಗಾಲದಲ್ಲಿ ಗಾಳಿಯ ತೇವ ಹೀರಿ ನೀರೊಡೆಯುವುದರಿಂದ, ಆ ತಿಂಗಳುಗಳಲ್ಲಿ ಅಚ್ಚು ಬೆಲ್ಲಕ್ಕಿಂತ ಚೆನ್ನಾಗಿ ಒಣಗಿಸಿದ ಪುಡಿಬೆಲ್ಲವನ್ನು ಗಾಳಿಯಾಡದ ಪೊಟ್ಟಣದಲ್ಲಿ ಕಳುಹಿಸುವುದು ಕ್ಷೇಮ.

ಹಣ್ಣು ಮಾರುವವರು ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಮಾಗಿಸುವುದು ಕಾನೂನಿನಂತೆ ನಿಷಿದ್ಧವೆಂಬುದನ್ನು ಮರೆಯಬಾರದು. 100 ಪಿಪಿಎಂ ಮೀರದಂತೆ ಎಥಿಲೀನ್ ಅನಿಲವನ್ನು ಬಳಸಲು ಅನುಮತಿಯಿದೆ. ಬಲಿತ ಕಾಯಿಯನ್ನು ತೊಟ್ಟಿನ ಸಮೇತ ಕೊಯ್ದು, ಸೊನೆ ತಗಲದಂತೆ ಇಳಿಸಿ, ಮಾಗುವ ಮುನ್ನವೇ ಕಳುಹಿಸಿ, ‘ಇಷ್ಟು ದಿನ ಬಿಟ್ಟು ತಿನ್ನಿರಿ’ ಎಂಬ ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟರೆ ದೂರುಗಳು ಬಹಳಷ್ಟು ಕಡಿಮೆಯಾಗುತ್ತವೆ.

ಗುರುತಿನ ವಿಷಯದಲ್ಲಿ ಭೌಗೋಳಿಕ ಸೂಚಿಯ ಹೆಸರುಗಳು ನೆರವಾಗುತ್ತವೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ, ಕಲಬುರಗಿ ತೊಗರಿ ಬೇಳೆಗೂ ಕೊಡಗು ಮತ್ತು ಚಿಕ್ಕಮಗಳೂರಿನ ಅರೇಬಿಕಾ ಕಾಫಿಗೂ 2019ರಲ್ಲಿ ಈ ಮಾನ್ಯತೆ ದೊರೆತಿದೆ. ಆದರೆ ಆ ಪ್ರದೇಶದಲ್ಲಿ ಬೆಳೆದ ಮಾತ್ರಕ್ಕೆ ಅದರ ಮುದ್ರೆ ಬಳಸುವ ಹಕ್ಕು ತಾನಾಗಿ ಬರುವುದಿಲ್ಲ. 1999ರ ಕಾಯ್ದೆಯಂತೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು.

ಒಂದು ಪೊಟ್ಟಣದ ಲೆಕ್ಕ

ನವಣೆ ಅಕ್ಕಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿನ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಊಹಿಸಿಕೊಂಡವು. ನಿಮ್ಮ ಊರಿನ ದರಗಳನ್ನು ಅವುಗಳ ಜಾಗದಲ್ಲಿ ಹಾಕಿ ನೋಡಿರಿ.

100 ಕೆ.ಜಿ. ನವಣೆಗೆ ಮಂಡಿಯಲ್ಲಿ ಕೆ.ಜಿ.ಗೆ 35 ರೂ. ಸಿಗುತ್ತಿತ್ತೆಂದರೆ ಅದರ ಬೆಲೆ 3,500 ರೂ. ಸ್ವಂತ ಹೊಲದ ಬೆಳೆಯೆಂದು ಇದನ್ನು ಸೊನ್ನೆ ಎಂದು ಬರೆದುಕೊಳ್ಳಬಾರದು. ಬಹುತೇಕ ಲೆಕ್ಕಗಳು ತಪ್ಪುವುದು ಇಲ್ಲಿಯೇ. ಸ್ವಚ್ಛಗೊಳಿಸಿ ಹೊಟ್ಟು ತೆಗೆಸಲು 700 ರೂ., ಯಂತ್ರದವರೆಗೆ ಸಾಗಿಸಿ ತರಲು 200 ರೂ. ಸೇರಿ ಒಟ್ಟು 4,400 ರೂ. ದೊರೆಯುವ ಅಕ್ಕಿ 65 ಕೆ.ಜಿ. ಎಂದಾದರೆ, ಕೆ.ಜಿ.ಗೆ ಸುಮಾರು 68 ರೂ. ಆಯಿತು.

ಒಂದು ಕೆ.ಜಿ. ಪಾರ್ಸೆಲ್: ಅಕ್ಕಿ 68, ಪೊಟ್ಟಣ ಮತ್ತು ಲೇಬಲ್ 8, ಹೊರಪೆಟ್ಟಿಗೆ 12, ಕೊರಿಯರ್ 60, ಕೂಲಿ 10, ಹಣ ಪಾವತಿ ಶುಲ್ಕ ಮತ್ತು ನಷ್ಟದ ಮೀಸಲು 8. ಒಟ್ಟು 166 ರೂ.

ಐದು ಕೆ.ಜಿ. ಪಾರ್ಸೆಲ್: ಅಕ್ಕಿ 340, ಐದು ಪೊಟ್ಟಣಗಳು 40, ಪೆಟ್ಟಿಗೆ 25, ಕೊರಿಯರ್ 160, ಕೂಲಿ 20, ಶುಲ್ಕ ಮತ್ತು ಮೀಸಲು 25. ಒಟ್ಟು 610 ರೂ. ಕೆ.ಜಿ.ಗೆ 122 ರೂ.

ಸರಕು ಅದೇ, ದೂರವೂ ಅದೇ, ಆದರೂ ಕೆ.ಜಿ.ಗೆ 44 ರೂ. ವ್ಯತ್ಯಾಸ ಬಂತು. ಆದುದರಿಂದ ‘ಕನಿಷ್ಠ 5 ಕೆ.ಜಿ.’ ಎಂಬ ನಿಯಮವನ್ನು ಮೊದಲ ದಿನದಿಂದಲೇ ಇಡಬೇಕು, ಅಥವಾ ಅಕ್ಕಿ, ಬೇಳೆ, ಬೆಲ್ಲ, ಮೆಣಸಿನಪುಡಿ ಸೇರಿದ ತಿಂಗಳ ಪೆಟ್ಟಿಗೆಯನ್ನು ರೂಪಿಸಬೇಕು. ಒಂದೇ ಬಡಾವಣೆಯ ಇಪ್ಪತ್ತು ಮನೆಗಳ ಬೇಡಿಕೆಯನ್ನು ಕೂಡಿಸಿ ಬಸ್ಸಿನ ಪಾರ್ಸೆಲ್ ಸೇವೆಯಲ್ಲಿ ಒಟ್ಟಿಗೆ ಕಳುಹಿಸಿದರೆ ಸಾಗಣೆಯ ವೆಚ್ಚ ಮತ್ತಷ್ಟು ಇಳಿಯುತ್ತದೆ. ಕೊರಿಯರ್ ಸಂಸ್ಥೆಗಳು ತೂಕವನ್ನಷ್ಟೇ ನೋಡುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5,000ದಿಂದ ಭಾಗಿಸಿ ಬರುವ ಗಾತ್ರದ ತೂಕ ಹೆಚ್ಚಿದ್ದರೆ ಅದಕ್ಕೇ ಹಣ ಕೇಳುತ್ತವೆ. ಹಪ್ಪಳ, ಅವಲಕ್ಕಿ, ಮಂಡಕ್ಕಿಯಂತಹ ಹಗುರ ಸರಕು ಮಾರುವವರು ಇದನ್ನು ಮೊದಲೇ ಗಮನಿಸಬೇಕು.

ಈಗ ಲಾಭ ನೋಡೋಣ. ಐದು ಕೆ.ಜಿ.ಯ ಪೆಟ್ಟಿಗೆಯನ್ನು ತೆರಿಗೆ ಬಿಟ್ಟು 700 ರೂ.ಗೆ ಮಾರಿದರೆ ಉಳಿಯುವುದು 90 ರೂ. ಹತ್ತು ಕ್ವಿಂಟಲ್ ನವಣೆಯಿಂದ 650 ಕೆ.ಜಿ. ಅಕ್ಕಿ, ಅಂದರೆ 130 ಪೆಟ್ಟಿಗೆಗಳು. ಮಂಡಿಯ 35,000 ರೂ. ಮೇಲೆ ಹೆಚ್ಚುವರಿಯಾಗಿ ಸಿಗುವುದು 11,700 ರೂ. ಮನೆಯವರೇ ಪೊಟ್ಟಣ ಕಟ್ಟಿದರೆ ಕೂಲಿಯ 2,600 ರೂ. ಕೂಡ ಮನೆಯಲ್ಲೇ ಉಳಿಯುತ್ತದೆ. ಇದು ಸಣ್ಣ ಮೊತ್ತವಲ್ಲ. ಆದರೆ ಇದಕ್ಕಾಗಿ 130 ಮನೆಗಳನ್ನು ಹುಡುಕಬೇಕು, ಅಥವಾ ವರ್ಷಕ್ಕೆ ನಾಲ್ಕು ಬಾರಿ ಕೊಳ್ಳುವ 33 ಮನೆಗಳನ್ನು ಸಂಪಾದಿಸಬೇಕು. ಎರಡನೆಯದೇ ಸುಲಭದ ದಾರಿ. ಹಾಗೆಯೇ, ಸರಕು ತಲುಪಿದ ಮೇಲೆ ಹಣ ಕೊಡುವ ಪದ್ಧತಿಯಲ್ಲಿ 130ರಲ್ಲಿ 13 ಪೆಟ್ಟಿಗೆಗಳು ವಾಪಸು ಬಂದವೆಂದುಕೊಳ್ಳಿ. ಹೋಗಿ ಬರುವ ಕೊರಿಯರ್ ವೆಚ್ಚವೇ 4,160 ರೂ. ಆಗಿ, ಹೆಚ್ಚುವರಿ ಆದಾಯದ ಮೂರನೇ ಒಂದು ಪಾಲಿಗಿಂತ ಹೆಚ್ಚನ್ನು ನುಂಗುತ್ತದೆ. ಆರಂಭದಲ್ಲಿ ಮುಂಗಡ ಪಾವತಿಯನ್ನೇ ಒಪ್ಪಿಕೊಳ್ಳಿರಿ.

ಕಾನೂನಿನ ನಾಲ್ಕು ಬಾಗಿಲುಗಳು

ಮೊದಲನೆಯದು ಆಹಾರ ಸುರಕ್ಷತೆ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯು ರೈತರಿಗೆ, ಅವರು ತಮ್ಮ ಜಮೀನಿನ ಹಂತದಲ್ಲಿ ಉತ್ಪಾದಿಸಿದ ಬೆಳೆಗೆ ಅನ್ವಯಿಸುವುದಿಲ್ಲ. ಆದರೆ ಹಿಟ್ಟು, ಉಪ್ಪಿನಕಾಯಿ, ಪುಡಿ, ಹಪ್ಪಳ, ಎಣ್ಣೆ ಎಂದು ಸಂಸ್ಕರಿಸಿ ಪೊಟ್ಟಣ ಕಟ್ಟಿದೊಡನೆ ನೀವು ಆಹಾರ ಉದ್ದಿಮೆದಾರರಾಗುತ್ತೀರಿ. ಸಣ್ಣ ವಹಿವಾಟಿಗೆ ನೋಂದಣಿ, ದೊಡ್ಡದಕ್ಕೆ ಪರವಾನಗಿ ಎಂಬ ಎರಡು ಹಂತಗಳಿದ್ದು, 14 ಅಂಕಿಗಳ ಸಂಖ್ಯೆಯನ್ನು ಲೇಬಲ್ ಮೇಲೆ ಮುದ್ರಿಸಬೇಕು. ವಹಿವಾಟಿನ ಮಿತಿಗಳು ಆಗಾಗ ಪರಿಷ್ಕರಣೆಯಾಗುತ್ತವೆ. ಜೊತೆಗೆ ಆನ್‌ಲೈನ್ ಮಾರಾಟವನ್ನು ಉದ್ದಿಮೆಯ ಪ್ರತ್ಯೇಕ ಬಗೆಯೆಂದು ಪರಿಗಣಿಸಲಾಗುತ್ತದೆ. ಆದುದರಿಂದ ‘ಫೋಸ್ಕಾಸ್’ ಜಾಲತಾಣದಲ್ಲಿ ಅರ್ಜಿ ಸಲ್ಲಿಸುವ ಮೊದಲು ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಯವರನ್ನು ಕಂಡು ಯಾವ ಬಗೆ ಅನ್ವಯವಾಗುತ್ತದೆಂದು ತಿಳಿದುಕೊಳ್ಳಿರಿ.

ಎರಡನೆಯದು ಕಾನೂನು ಮಾಪನಶಾಸ್ತ್ರ. 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳಂತೆ ಪೊಟ್ಟಣದ ಮೇಲೆ ತಯಾರಕರ ಅಥವಾ ಪೊಟ್ಟಣ ಕಟ್ಟಿದವರ ಹೆಸರು ಮತ್ತು ವಿಳಾಸ, ಸರಕಿನ ಸಾಮಾನ್ಯ ಹೆಸರು, ನಿವ್ವಳ ತೂಕ, ತಯಾರಾದ ತಿಂಗಳು ಮತ್ತು ವರ್ಷ, ಎಲ್ಲ ತೆರಿಗೆಗಳೂ ಸೇರಿದ ಗರಿಷ್ಠ ಮಾರಾಟ ಬೆಲೆ, ಗ್ರಾಹಕರು ದೂರು ನೀಡಬೇಕಾದ ದೂರವಾಣಿ ಇರಬೇಕು. ತಿಂಗಳು ಮತ್ತು ವರ್ಷವೊಂದನ್ನು ಬಿಟ್ಟು ಉಳಿದ ವಿವರಗಳನ್ನು ಆನ್‌ಲೈನ್ ಮಳಿಗೆಯ ಪುಟದಲ್ಲೂ ತೋರಿಸಬೇಕು. ಪೊಟ್ಟಣ ಕಟ್ಟಲು ಆರಂಭಿಸಿದ 90 ದಿನಗಳೊಳಗೆ ಇಲಾಖೆಯಲ್ಲಿ ನೋಂದಾಯಿಸಿಕೊಳ್ಳಬೇಕು. ಮುದ್ರೆಯಿಲ್ಲದ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಮಾರುವಂತಿಲ್ಲ.

ಮೂರನೆಯದು ಸರಕು ಮತ್ತು ಸೇವಾ ತೆರಿಗೆ. ಸ್ವಂತ ಬೇಸಾಯದ ಉತ್ಪನ್ನವನ್ನು ಮಾರುವ ಕೃಷಿಕರಿಗೆ ಆ ಮಟ್ಟಿಗೆ ನೋಂದಣಿಯ ಅಗತ್ಯವಿಲ್ಲ. ನೆರೆಯವರ ಬೆಳೆಯನ್ನು ಕೊಂಡು ಮಾರಿದಾಗ, ಸಂಸ್ಕರಿಸಿ ಬೇರೆ ಪದಾರ್ಥವನ್ನಾಗಿ ಮಾಡಿದಾಗ ಈ ವಿನಾಯಿತಿ ಉಳಿಯದಿರಬಹುದು. ಆಗ ರಾಜ್ಯದೊಳಗಿನ ಸರಕು ಮಾರಾಟಕ್ಕೆ ವಾರ್ಷಿಕ 40 ಲಕ್ಷ ರೂ. ಮಿತಿಯಿದೆ. ಇಲ್ಲೊಂದು ಸೂಕ್ಷ್ಮವಿದೆ: ತೆರಿಗೆಗೆ ಒಳಪಟ್ಟ ಸರಕನ್ನು ಹೊರರಾಜ್ಯದ ಒಬ್ಬ ಗ್ರಾಹಕರಿಗೆ ಕಳುಹಿಸಿದರೂ ಈ ಮಿತಿ ಅನ್ವಯಿಸದೆ, ಮೊದಲ ರೂಪಾಯಿಯಿಂದಲೇ ನೋಂದಣಿ ಕಡ್ಡಾಯವಾಗುತ್ತದೆ. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಲೇಬಲ್ ಅಂಟಿಸಿದ ಧಾನ್ಯ, ಬೇಳೆ, ಹಿಟ್ಟು, ಬೆಲ್ಲಕ್ಕೆ ಶೇ. 5 ತೆರಿಗೆಯಿದೆ. ಹೀಗಾಗಿ ಮುಂಬೈಯಲ್ಲೋ ಪುಣೆಯಲ್ಲೋ ಇರುವ ಕನ್ನಡಿಗರು ಬೇಡಿಕೆ ಕಳುಹಿಸಿದರೆಂದು ಕೂಡಲೇ ಪೆಟ್ಟಿಗೆ ಕಟ್ಟುವ ಮೊದಲು ತೆರಿಗೆ ಸಲಹೆಗಾರರನ್ನು ವಿಚಾರಿಸಿರಿ. ಮೊದಲ ವರ್ಷ ಕರ್ನಾಟಕದೊಳಗೇ ಮಾರುವುದು ಜಾಣತನ.

ನಾಲ್ಕನೆಯದು ಮಾತಿನ ಹೊಣೆ. ‘ಈ ಅಕ್ಕಿ ತಿಂದರೆ ಸಕ್ಕರೆ ಕಾಯಿಲೆ ಗುಣವಾಗುತ್ತದೆ’ ಎಂಬಂತಹ ಬರಹಗಳು ಸಿರಿಧಾನ್ಯದ ಪೊಟ್ಟಣಗಳ ಮೇಲೆ ಕಾಣಸಿಗುತ್ತವೆ. ಆಹಾರವು ರೋಗವನ್ನು ಗುಣಪಡಿಸುತ್ತದೆಂದು ಜಾಹೀರಾತು ನೀಡುವುದು ಆಹಾರ ಸುರಕ್ಷತಾ ನಿಯಮಗಳಿಗೂ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಗೂ ವಿರುದ್ಧ. ಅದಕ್ಕಿಂತ ಮುಖ್ಯವಾಗಿ, ಅದನ್ನು ನಂಬಿ ರೋಗಿಯೊಬ್ಬರು ಮಾತ್ರೆ ನಿಲ್ಲಿಸಿದರೆ ಪ್ರಾಣಾಪಾಯ. ನಾರಿನಂಶವಿದೆ, ಇಂತಹ ತಳಿ, ಇಂತಹ ಊರಿನಲ್ಲಿ ಬೆಳೆದದ್ದು ಎಂಬ ನಿಜವನ್ನಷ್ಟೇ ಬರೆಯಿರಿ. ‘ಸಾವಯವ’ ಎಂಬ ಪದವನ್ನು ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಪ್ರಮಾಣಪತ್ರ ಪಡೆದ ಮೇಲೆ ಬಳಸುವುದೇ ಕ್ಷೇಮ.

ಬಿತ್ತನೆ ಬೀಜದ ಬಗ್ಗೆ ಪ್ರತ್ಯೇಕ ಎಚ್ಚರಿಕೆ ಅಗತ್ಯ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ತಾವು ಉಳಿಸಿಕೊಂಡ ಬೀಜವನ್ನು ಮಾರುವ ಹಕ್ಕನ್ನು ನೀಡಿದೆ. ಆದರೆ ಸಂರಕ್ಷಿತ ತಳಿಯ ಬೀಜವನ್ನು ಹೆಸರು, ಲೇಬಲ್ ಅಂಟಿಸಿದ ಬ್ರಾಂಡ್ ಬೀಜವಾಗಿ ಮಾರುವಂತಿಲ್ಲ. ಬೀಜದ ವ್ಯಾಪಾರಕ್ಕೆ 1983ರ ಬೀಜ ನಿಯಂತ್ರಣ ಆದೇಶದಂತೆ ಪರವಾನಗಿ ಬೇಕು. ಆಹಾರದ ಮಳಿಗೆಯಲ್ಲಿ ಬೀಜದ ಪೊಟ್ಟಣಗಳನ್ನು ಸೇರಿಸುವ ಮುನ್ನ ಕೃಷಿ ಇಲಾಖೆಯನ್ನು ಸಂಪರ್ಕಿಸಿರಿ.

ಮಳಿಗೆಯನ್ನು ಹಂತಹಂತವಾಗಿ ಕಟ್ಟಿರಿ

ಮೊದಲ ಹಂತದಲ್ಲಿ ಜಾಲತಾಣವೇ ಬೇಡ. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಉಚಿತ ಕ್ಯಾಟಲಾಗಿನಲ್ಲಿ ಮೂರು ಅಥವಾ ನಾಲ್ಕು ಸರಕುಗಳನ್ನಿಟ್ಟು, ಪರಿಚಿತರಿಗೆ, ಕೃಷಿ ಮೇಳದಲ್ಲಿ ಕೊಂಡವರಿಗೆ, ಊರಿನಿಂದ ನಗರಕ್ಕೆ ಹೋಗಿ ನೆಲೆಸಿದ ಮನೆಗಳಿಗೆ ಮಾರಿರಿ. ಯಾರು ಎರಡನೆಯ ಬಾರಿ ಕೇಳಿದರು ಎಂಬುದನ್ನು ಪುಸ್ತಕದಲ್ಲಿ ಬರೆದಿಡಿ. ಮರಳಿ ಕೊಳ್ಳುವ ಮನೆಗಳು ಮೂವತ್ತು ದಾಟಿದ ಮೇಲೆ ಎರಡನೆಯ ಹಂತವಾಗಿ ಸ್ವಂತ ಜಾಲತಾಣದ ಹೆಸರನ್ನು ನಿಮ್ಮ ಹೆಸರಿನಲ್ಲಿಯೇ ನೋಂದಾಯಿಸಿಕೊಳ್ಳಿ. ಜಾಲತಾಣ ಮಾಡಿಕೊಡುವವರ ಹೆಸರಿನಲ್ಲಿ ಅದು ನೋಂದಣಿಯಾದರೆ ಮುಂದೆ ಬಿಡಿಸಿಕೊಳ್ಳುವುದು ಕಷ್ಟ. ತಿಂಗಳ ಬಾಡಿಗೆಗೆ ಸಿಗುವ ಸಿದ್ಧ ಮಳಿಗೆ ಸೇವೆಗಳು ಆರಂಭಕ್ಕೆ ಸಾಕು. ಲಕ್ಷಗಟ್ಟಲೆ ವೆಚ್ಚದ ಆ್ಯಪ್ ಯಾರಾದರೂ ಸೂಚಿಸಿದರೆ ಮೇಲಿನ 11,700 ರೂ. ಲೆಕ್ಕವನ್ನು ನೆನಪಿಸಿಕೊಳ್ಳಿರಿ.

ದೊಡ್ಡ ಮಾರಾಟ ತಾಣಗಳಲ್ಲಿ ಸೇರುವುದೂ ಒಂದು ದಾರಿ. ಅಲ್ಲಿ ಗ್ರಾಹಕರು ಈಗಾಗಲೇ ಇರುತ್ತಾರೆ, ಆದರೆ ಕಮಿಷನ್ ಕಡಿತವಾಗುತ್ತದೆ ಮತ್ತು ಗ್ರಾಹಕರ ಸಂಪರ್ಕ ನಿಮ್ಮ ಕೈಗೆ ಬರುವುದಿಲ್ಲ. 2023ರ ಅಕ್ಟೋಬರ್ 1ರಿಂದ ನೋಂದಣಿ ಮಿತಿಯೊಳಗಿನ ಸಣ್ಣ ಮಾರಾಟಗಾರರು ಪ್ಯಾನ್ ಆಧಾರದ ಮೇಲೆ ರಾಜ್ಯದೊಳಗೆ ಇಂತಹ ತಾಣಗಳಲ್ಲಿ ಮಾರಲು ಅವಕಾಶವಾಗಿದೆ. 2021ರ ಡಿಸೆಂಬರ್ ಅಂತ್ಯದಲ್ಲಿ ಸ್ಥಾಪನೆಯಾದ ಓಎನ್‌ಡಿಸಿ ಜಾಲದಲ್ಲಿ ಸರ್ಕಾರದ ಹೇಳಿಕೆಯಂತೆ 2024ರ ಆರಂಭದ ವೇಳೆಗೆ ಸುಮಾರು 5,000 ರೈತ ಉತ್ಪಾದಕ ಸಂಸ್ಥೆಗಳು ನೋಂದಾಯಿಸಿಕೊಂಡಿದ್ದವು. ಇಂತಹ ತಾಣಗಳನ್ನು ಹೊಸ ಗ್ರಾಹಕರು ನಿಮ್ಮನ್ನು ಕಾಣುವ ಸಂತೆಯೆಂದೂ, ಸ್ವಂತ ಮಳಿಗೆಯನ್ನು ಅವರು ಮರಳಿ ಬರುವ ಮನೆಯೆಂದೂ ತಿಳಿದರೆ ಎರಡಕ್ಕೂ ಸ್ಥಾನವಿದೆ.

ಪುಟದಲ್ಲಿ ಇರಬೇಕಾದದ್ದು ಹೆಚ್ಚೇನಿಲ್ಲ: ಹಗಲಿನ ಬೆಳಕಿನಲ್ಲಿ ತೆಗೆದ ನಿಮ್ಮದೇ ಸರಕಿನ ಚಿತ್ರ, ತೂಕ, ಸಾಗಣೆ ವೆಚ್ಚ ಸೇರಿದ ಬೆಲೆ, ತಲುಪುವ ದಿನ, ಹಾಳಾಗಿ ಬಂದರೆ ಏನು ಮಾಡುತ್ತೀರೆಂಬ ಸ್ಪಷ್ಟ ಮಾತು. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳು ದೂರನ್ನು 48 ಗಂಟೆಗಳಲ್ಲಿ ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆನ್ನುತ್ತವೆ. ಗ್ರಾಹಕರ ದೂರವಾಣಿ ಮತ್ತು ವಿಳಾಸಗಳನ್ನು ಬೇರೆಯವರಿಗೆ ಹಂಚಬೇಡಿರಿ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನು ಹೊಣೆಗಾರಿಕೆಯನ್ನಾಗಿಸಿದೆ.

ಹಣದ ವಿಷಯದಲ್ಲಿ ಯುಪಿಐ ಅಗ್ಗದ ದಾರಿ. ಆದರೆ ವಂಚಕರು ಹೊಸ ಮಾರಾಟಗಾರರನ್ನೇ ಹುಡುಕುತ್ತಾರೆ. ಹಣ ಕಳುಹಿಸಿರುವುದಾಗಿ ತೋರಿಸುವ ಚಿತ್ರವನ್ನು ನಂಬದೆ ಬ್ಯಾಂಕ್ ಖಾತೆಯನ್ನು ನೋಡಿರಿ. ಹಣ ಪಡೆಯಲು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವ ಅಥವಾ ಪಿನ್ ಒತ್ತುವ ಅಗತ್ಯ ಎಂದಿಗೂ ಇರುವುದಿಲ್ಲ. ಪಿನ್ ಬೇಕಾಗುವುದು ಹಣ ಕಳುಹಿಸುವಾಗ ಮಾತ್ರ. ವಂಚನೆಯಾದರೆ ಕೂಡಲೇ 1930ಕ್ಕೆ ಕರೆ ಮಾಡಿರಿ. ಮಳಿಗೆಯ ಹಣಕ್ಕೆ ಪ್ರತ್ಯೇಕ ಖಾತೆ ಇಡುವುದು ಎಲ್ಲ ರೀತಿಯಿಂದಲೂ ಒಳ್ಳೆಯದು.

ಒಬ್ಬರೇ ಮಾಡಬೇಕೇ?

ಎರಡು ಎಕರೆಯ ಬೆಳೆಯಿಂದ ವರ್ಷವಿಡೀ ಮಳಿಗೆ ತುಂಬಿರುವುದು ಕಷ್ಟ. ಸರಕು ಇಲ್ಲದ ಅಂಗಡಿಗೆ ಗ್ರಾಹಕರು ಮೂರನೆಯ ಬಾರಿ ಬರುವುದಿಲ್ಲ. ಹತ್ತು ಹದಿನೈದು ಕುಟುಂಬಗಳು ಕೂಡಿದರೆ, ಅಥವಾ 2020ರಲ್ಲಿ ಆರಂಭವಾದ 10,000 ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯಡಿ ರೂಪುಗೊಂಡ ಸ್ಥಳೀಯ ಸಂಸ್ಥೆಯ ಮೂಲಕ ಸಾಗಿದರೆ, ಹೊಟ್ಟು ತೆಗೆಯುವ ಯಂತ್ರ, ತೂಕದ ಯಂತ್ರ, ಪರವಾನಗಿ, ಲೇಬಲ್, ಪೊಟ್ಟಣ ಕಟ್ಟುವ ಕೋಣೆ ಎಲ್ಲದರ ವೆಚ್ಚ ಹಂಚಿಹೋಗುತ್ತದೆ. ಯಂತ್ರೋಪಕರಣಗಳಿಗೆ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯಡಿ (ಪಿಎಂಎಫ್‌ಎಂಇ) ಸಾಲಕ್ಕೆ ಜೋಡಿಸಿದ ಶೇ. 35 ಸಹಾಯಧನ ರೂಪಿಸಲಾಗಿದ್ದು, ರಾಜ್ಯವು ಅದಕ್ಕೆ ಶೇ. 15 ಸೇರಿಸಿದೆ. ಪ್ರಸ್ತುತ ಅರ್ಜಿಗಳ ಸ್ಥಿತಿಯನ್ನು ಕೃಷಿ ಇಲಾಖೆಯಲ್ಲಿ ವಿಚಾರಿಸಿರಿ. ವೈಯಕ್ತಿಕ ಕೃಷಿಕರ ತೆರಿಗೆ ವಿನಾಯಿತಿ ಸಂಸ್ಥೆಗೆ ದೊರೆಯುವುದಿಲ್ಲ ಎಂಬುದು ನೆನಪಿರಲಿ.

ಕೂಡಿ ಮಾಡುವಾಗ ಗುಣಮಟ್ಟದ ಪ್ರಶ್ನೆ ಹೊಲದಿಂದಲೇ ಆರಂಭವಾಗುತ್ತದೆ. ಎಲ್ಲರೂ ಒಂದೇ ತಳಿ ಬಿತ್ತಬೇಕು. ಪ್ರತಿ ಚೀಲಕ್ಕೆ ಬೆಳೆಗಾರರ ಹೆಸರು, ಹೊಲ, ಕೊಯ್ಲಿನ ದಿನ, ತೇವಾಂಶ ಬರೆದ ಗುಂಪು ಸಂಖ್ಯೆ ಇರಬೇಕು. ಒಂದು ಚೀಲದಲ್ಲಿ ಕಲ್ಲು ಅಥವಾ ಹುಳು ಕಂಡುಬಂದರೆ ಆ ಗುಂಪನ್ನು ಮಾತ್ರ ಹಿಂಪಡೆಯಲು ಇದರಿಂದ ಸಾಧ್ಯವಾಗುತ್ತದೆ; ಇಲ್ಲವಾದರೆ ಹದಿನೈದು ಮನೆಗಳ ಹೆಸರೂ ಒಟ್ಟಿಗೆ ಕೆಡುತ್ತದೆ.

ಮೊದಲ ಹಂಗಾಮಿನ ಕಾರ್ಯಸೂಚಿ

• ಬಿತ್ತನೆಯ ವೇಳೆಗೆ: ಒಂದೇ ಸರಕನ್ನು ಆರಿಸಿ, ಬೆಳೆಯ ಹತ್ತನೇ ಒಂದು ಪಾಲನ್ನು ಮಾತ್ರ ಮಳಿಗೆಗೆ ಮೀಸಲಿಡಿ. ಉಳಿದದ್ದು ಎಂದಿನಂತೆ ಮಂಡಿಗೆ ಹೋಗಲಿ.
• ಬೆಳೆ ನಿಂತಿರುವಾಗ: ಆಹಾರ ಸುರಕ್ಷತೆ ಮತ್ತು ಮಾಪನಶಾಸ್ತ್ರದ ನೋಂದಣಿಗಳನ್ನು ವಿಚಾರಿಸಿ, ಲೇಬಲ್ ಸಿದ್ಧಪಡಿಸಿ, ಎರಡು ಕೊರಿಯರ್ ಸಂಸ್ಥೆಗಳ ಹಾಗೂ ಅಂಚೆ ಕಚೇರಿಯ ದರಗಳನ್ನು ಬರೆದುಕೊಳ್ಳಿ.
• ಕೊಯ್ಲಿನ ನಂತರ: ತೇವಾಂಶ ಪರೀಕ್ಷಿಸಿ, ಗುಂಪು ಸಂಖ್ಯೆ ಹಾಕಿ, ಧಾನ್ಯವಾಗಿಯೇ ದಾಸ್ತಾನು ಮಾಡಿ.
• ಮಾರಾಟಕ್ಕೆ ಮುನ್ನ: ಐದು ಪೆಟ್ಟಿಗೆಗಳನ್ನು ದೂರದ ಬಂಧುಗಳಿಗೆ ಕಳುಹಿಸಿ, ತಲುಪಿದ ಸ್ಥಿತಿಯ ಚಿತ್ರ ತರಿಸಿಕೊಳ್ಳಿ. ಒಡೆದ, ಸೋರಿದ ಪೊಟ್ಟಣಗಳ ಪಾಠ ಇಲ್ಲಿಯೇ ಮುಗಿಯಲಿ.
• ಆರು ತಿಂಗಳ ಬಳಿಕ: ಮಂಡಿ ಬೆಲೆಯನ್ನು ಕಳೆದು, ಮನೆಯವರ ದುಡಿಮೆಗೆ ಕೂಲಿ ಹಾಕಿ ಲೆಕ್ಕ ನೋಡಿ. ಹೆಚ್ಚುವರಿ ಉಳಿದಿದ್ದರೆ ಮುಂದಿನ ವರ್ಷ ಪಾಲನ್ನು ಹೆಚ್ಚಿಸಿ. ಉಳಿಯದಿದ್ದರೆ ಸರಕನ್ನೋ ಪೆಟ್ಟಿಗೆಯ ಗಾತ್ರವನ್ನೋ ಬದಲಿಸಿ.

ಸ್ವಂತ ಮಳಿಗೆಯು ಬೆಲೆ ಕುಸಿತಕ್ಕೆ ಸರ್ಕಾರ ಕೊಡಬೇಕಾದ ಬೆಂಬಲಕ್ಕೆ ಬದಲಿಯಾಗಲಾರದು. ಮಂಡಿ, ಕಾರ್ಖಾನೆ, ಬೆಂಬಲ ಬೆಲೆ ಇವುಗಳ ಅಗತ್ಯ ಮುಂದೆಯೂ ಇರುತ್ತದೆ. ಆದರೆ ಹತ್ತನೇ ಒಂದು ಪಾಲಿಗೆ ನೀವೇ ಬೆಲೆ ಹೇಳುವ ಸ್ಥಿತಿ ಬಂದರೆ, ಉಳಿದ ಒಂಬತ್ತು ಪಾಲನ್ನು ಮಂಡಿಗೆ ಒಯ್ಯುವಾಗಲೂ ಗ್ರಾಹಕರಿಗೆ ಏನು ಬೇಕು, ಅದಕ್ಕೆ ಎಷ್ಟು ಕೊಡುತ್ತಾರೆ ಎಂಬ ತಿಳಿವಳಿಕೆ ನಿಮ್ಮೊಡನಿರುತ್ತದೆ. ಹೊಟ್ಟು ತೆಗೆಯುವಿಕೆ, ತೇವಾಂಶ ಪರೀಕ್ಷೆ, ಪೊಟ್ಟಣ ಮತ್ತು ಲೇಬಲ್ ಬಗ್ಗೆ ತರಬೇತಿಗಾಗಿ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರವನ್ನು ಅಥವಾ ಹತ್ತಿರದ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಿರಿ. ಹೋಗುವಾಗ ನಿಮ್ಮ ಊರಿನ ದರಗಳಿಂದ ತುಂಬಿದ ಒಂದು ಪೊಟ್ಟಣದ ಲೆಕ್ಕವನ್ನು ಜೊತೆಯಲ್ಲಿ ಕೊಂಡೊಯ್ದರೆ ಸಲಹೆಯೂ ಅಷ್ಟೇ ನಿಖರವಾಗಿ ದೊರೆಯುತ್ತದೆ.